ಬೆನ್ನಿಗೆ ಮಣ್ಣು ತಾಗದ ಪೈಲ್ವಾನ್

ಹೋದ ವಾರ ನನ್ನದೊಂದು ಬರಹ ವಾಪಸ್ಸು ಬಂತು. ಪತ್ರಿಕೆಯಿಂದಲ್ಲ, ಪಾವಗಡದಿಂದ. ಟಪಾಲಿನಲ್ಲೂ ಅಲ್ಲ, ಬಸ್ಸಿನ ಟಾಪಿನ ಮೇಲೆ, ಕರಿ ಕಂಬಳಿಯಲ್ಲಿ ಸುತ್ತಿಕೊಂಡು.

ಬರಹ ಅಂದರೆ ಮಹಾ ದೊಡ್ಡದೇನಲ್ಲ. ಮೂರಡಿ ಉದ್ದದ ಹಲಗೆಯ ಮೇಲೆ ಒಂದೇ ಒಂದು ಸಾಲು. ಮಧುಗಿರಿ ಕಚೇರಿ ಮುಂದಿನ ಹೊಂಗೆ ಮರದ ಕೆಳಗೆ ನಾನು ಅರ್ಜಿ ಬರೆಯುತ್ತ ಕೂತಿದ್ದೆ. ಕಂಡಕ್ಟರು ಹಲಗೆಯನ್ನು ನನ್ನ ಪೆಟ್ಟಿಗೆಗೆ ಒರಗಿಸಿದ.

"ರೈಟ್ರೇ, ಕರಿಯಣ್ಣ ಪೈಲ್ವಾನ್ರು ಹೇಳವ್ರೆ. ಈ ಬೋರ್ಡು ಏರ್ಸಿದ್ರೆ ಅವ್ರು ಬರಾಕಿಲ್ವಂತೆ. ಅವ್ರ ಫೋಟೋನೂ ಏರಿಸ್ಬ್ಯಾಡಿ ಅಂದ್ರು. ಆಮ್ಯಾಕೆ ಇನ್ನೊಂದು ಮಾತಂದ್ರು."

"ಏನಂತಯ್ಯಾ?"

"ಇದ್ನ ಬರ್ದೋರ್ನ ಒಂದ್ಕಿತ ಗರಡಿಗೆ ಕಳಿಸು ಅಂದ್ರು."

ವಾರವಾರ ನನ್ನನ್ನು ಸಹಿಸಿಕೊಳ್ಳುವ ನಿಮಗೆ ನನ್ನ ಮೈಕಟ್ಟು ಗೊತ್ತಿಲ್ಲ. ಗಾಳಿ ಜೋರಾದರೆ ನಾನು ಕೊಡೆ ಮಡಚಿಬಿಡುತ್ತೇನೆ, ಎಲ್ಲಿ ಕೊಡೆಯ ಜೊತೆ ನಾನೂ ಹಾರಿಹೋಗುತ್ತೇನೋ ಅಂತ. ಇಂಥವನನ್ನು ಪೈಲ್ವಾನರು ಗರಡಿಗೆ ಕರೆಸಿದರೆ ಏನರ್ಥ?

ಮೊದಲಿಂದ ಹೇಳುತ್ತೇನೆ. ಪಾವಗಡದ ಕರಿಯಣ್ಣ ಕುರಿ ಕಾಯುವವರ ಮನೆಯಲ್ಲಿ ಹುಟ್ಟಿ, ಸಿರಾದಲ್ಲಿ ಕುಸ್ತಿ ಕಲಿತು, ಈ ಸೀಮೆಗೆಲ್ಲ ಹೆಸರಾದ ಪೈಲ್ವಾನ್. ಈಗ ಎಪ್ಪತ್ತು ದಾಟಿದೆ. ನಮ್ಮ ಮಧುಗಿರಿ ಗರಡಿಯವರು ಅವರ ಫೋಟೋ ಏರಿಸಬೇಕು, ಅವರನ್ನೇ ಕರೆಸಿ ಹಾರ ಹಾಕಬೇಕು ಅಂತ ನಿಶ್ಚಯಿಸಿದರು. ಫೋಟೋ ಕೆಳಗೆ ಒಂದು ಸಾಲು ಬೇಡವೇ? ಊರಿಗೆಲ್ಲ ಅರ್ಜಿ ಬರೆಯುವ ನಾನಿದ್ದೇನಲ್ಲ!

ಸಾಲು ಕೇಳಲು ಮೂವರು ಬಂದರು. ಮೂವರಿಗೂ ಕರಿಯಣ್ಣನೇ ದೇವರು. ಆದರೆ ದೇವರು ಯಾಕೆ ದೊಡ್ಡವನು ಅನ್ನುವುದರಲ್ಲಿ ಒಬ್ಬರಿಗೊಬ್ಬರಿಗೆ ತಾಳಮೇಳವಿಲ್ಲ.

ಮೊದಲನೆಯವರು ಜವಳಿ ಅಂಗಡಿ ರುದ್ರಯ್ಯನವರು. ಪೈಲ್ವಾನರ ವಾರಗೆಯವರೇ. "ರೈಟ್ರೇ, ನಾನು ಕಣ್ಣಾರೆ ಕಂಡಿದ್ದು ಬರ್ಕೊಳಿ. ಕೊರಟಗೆರೇಲಿ ಬೆಳಿಗ್ಗೆ ಹಿಡಿದ ಪಟ್ಟು, ಹೊತ್ತು ನೆತ್ತಿಗೆ ಬಂದ್ರೂ ಬಿಡ್ಲಿಲ್ಲ. ಯಾರೂ ಬೀಳ್ಲಿಲ್ಲ. ಅದು ಕುಸ್ತಿ!"

"ಅದು ಡ್ರಾ, ತಾತ!" ಅಂದ ಅವರ ಮೊಮ್ಮಗ ಸಿದ್ಧಲಿಂಗ. ತುಮಕೂರಿನಲ್ಲಿ ಇಂಟರ್ಮೀಡಿಯೆಟ್ ಓದುತ್ತಾನೆ. ಫೋಟೋಗೆ ಕಟ್ಟು ಹಾಕಿಸಿದವನು ಅವನೇ. "ಡ್ರಾ ಆಗಿದ್ದಕ್ಕೆ ಬೋರ್ಡ್ ಹಾಕಿಸ್ತಾರಾ ಯಾರಾದ್ರೂ?"

"ಥೂ, ನಿಮ್ಮ ಕಾಲದೋರಿಗೆ ನಿಂತ್ಕೊಂಡು ಒಂದು ಚೊಂಬು ನೀರು ಸೇದೋಕಾಗಲ್ಲ. ಮಾತಾಡ್ತಾನೆ!"

ನಡುವೆ ಬಾಯಿ ಹಾಕಿದವನು ಜಟಕಾ ಬುಡೇನ್ ಸಾಬ್. ನಲವತ್ತೈದರ ಆಸುಪಾಸು, ಸಿರಾದಲ್ಲಿ ಹುಟ್ಟಿ ಬೆಳೆದವನು. "ಅರೇ ರೈಟರ್ ಸಾಬ್, ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ತಬ್ಕೊಂಡು ನಿಂತ್ರೆ ಅದು ಕುಸ್ತಿನಾ, ಮದುವೆನಾ? ನಾನು ನೋಡಿದ್ದು ಸಿರಾ ಡೇರೆಯಲ್ಲಿ. ಟಿಕೆಟ್ ಕುಸ್ತಿ! ತೊಡೆ ತಟ್ಟಿದ್ರು, ಕೈ ಹಾಕಿದ್ರು, ಚಿತ್! ಖತಂ! ನನ್ನ ಬಾಯಲ್ಲಿದ್ದ ಕಡ್ಲೆಕಾಯಿ ಇನ್ನೂ ಬಾಯಲ್ಲೇ ಇತ್ತು."

"ಟಿಕೆಟ್ ಕೊಟ್ಟು ಅಷ್ಟೇ ನೋಡಿದ್ಯಾ? ನಿಂಗೆ ಮೋಸ ಆಗೈತೆ ಕಣ್ಲಾ" ಅಂದರು ರುದ್ರಯ್ಯನವರು.

ಸಿದ್ಧಲಿಂಗ ನಕ್ಕ. ಅವನು ಕರಿಯಣ್ಣನ ಕುಸ್ತಿಯನ್ನು ನೋಡಿಯೇ ಇಲ್ಲ. ಫೋಟೋ ನೋಡಿದ್ದಾನೆ. "ನೀವಿಬ್ರೂ ಹೇಳೋದಕ್ಕೆ ರೆಕಾರ್ಡ್ ಎಲ್ಲಿದೆ? ಎದುರಾಳಿಗಳ ಸ್ಟ್ಯಾಂಡರ್ಡ್ ಏನಿತ್ತು? ಫೋಟೋ ನೋಡಿ ಸಾರ್, ಆ ಎದೆ! ಬೆಂಗಳೂರಲ್ಲಿ ಈಗ ಬಾದಾಮಿ ತಿಂದು ಬೆಳೆದವರಿಗೂ ಅಂಥ ಎದೆ ಇಲ್ಲ."

ಹೀಗೆ ಒಬ್ಬರಿಗೆ ತಾಳ್ಮೆ, ಒಬ್ಬರಿಗೆ ವೇಗ, ಒಬ್ಬನಿಗೆ ಎದೆ. ನನಗೋ ಅವತ್ತು ಬರೆಯಬೇಕಾಗಿದ್ದ ನಾಲ್ಕು ಅರ್ಜಿಗಳ ಚಿಂತೆ. (ಒಂದು ವಿಷಯ ಗಮನಿಸಿದ್ದೀರಾ? ಪೈಲ್ವಾನರ ದೊಡ್ಡಸ್ತಿಕೆ ಹೇಳಿ ಅಂದರೆ ಮೂವರೂ ತಮ್ಮ ಹರೆಯದ ಕಾಲವನ್ನೇ ಹೇಳುತ್ತಿದ್ದರು.) ಕಡೆಗೆ ನಾನೇ ಕೇಳಿದೆ: "ಅವರು ಬಿದ್ದಿದ್ದನ್ನ ನಿಮ್ಮಲ್ಲಿ ಯಾರಾದರೂ ನೋಡಿದ್ದೀರಾ?"

"ಛೇ ಛೇ!" ಅಂದರು ಮೂವರೂ ಒಟ್ಟಿಗೆ.

ಸಿಕ್ಕಿತಲ್ಲ ಸಾಲು! 'ಬೆನ್ನಿಗೆ ಮಣ್ಣು ತಾಗದ ಪೈಲ್ವಾನ್ ಕರಿಯಣ್ಣನವರು.' ಮೂರು ಕಾಲದವರೂ ತಲೆಯಾಡಿಸಿದರು. ಪೇಂಟರು ಬರೆದ. ಪೈಲ್ವಾನರು ಒಮ್ಮೆ ನೋಡಲಿ ಅಂತ ರುದ್ರಯ್ಯನವರು ಪಾವಗಡಕ್ಕೆ ಕಳಿಸಿದರು. ಅದೇ ಈಗ ಕಂಬಳಿ ಹೊದ್ದು ವಾಪಸ್ಸು ಬಂದಿತ್ತು.

ಶುಕ್ರವಾರ ಸಮಾರಂಭ. ಅವತ್ತಾಗಲೇ ಸೋಮವಾರ. ಪೈಲ್ವಾನರೇ ಬರದಿದ್ದರೆ ಹಾರ ಯಾರಿಗೆ ಹಾಕುವುದು? ನನಗಾ?

ಮಂಗಳವಾರ ಹಲಗೆ ಹೊತ್ತುಕೊಂಡು ಪಾವಗಡದ ಬಸ್ಸು ಹತ್ತಿದೆ. ಜೊತೆಗೆ ಸಿದ್ಧಲಿಂಗ. ಯುದ್ಧ ಮುಗಿಯಿತು ಅಂತ ಪತ್ರಿಕೆಗಳು ಹೇಳುತ್ತವೆ, ನಮ್ಮ ಬಸ್ಸಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ. ಅದು ಈಗಲೂ ಇದ್ದಿಲಿನ ಗ್ಯಾಸಿನಲ್ಲೇ ಓಡುತ್ತದೆ. ಓಡುತ್ತದೆ ಅಂದೆನೇ? ಏರು ಬಂದಾಗಲೆಲ್ಲ ನಾವೇ ಇಳಿದು ತಳ್ಳಿದೆವು. ಕುಸ್ತಿಗೆ ಮುಂಚೆ ಸಾಮು ತೆಗೆದ ಹಾಗಾಯಿತು.

ಗರಡಿ ಕೋಟೆ ಬೆಟ್ಟದ ಬುಡದಲ್ಲಿತ್ತು. ಸಣ್ಣ ಬಾಗಿಲು. ಅಂಗಿ, ಚಪ್ಪಲಿ ಹೊರಗೇ ಬಿಡಬೇಕು. ಬಿಟ್ಟೆ. ನನ್ನ ಎದೆಗೂಡು ನೋಡಿ ಒಳಗಿದ್ದ ಹುರಿಯಾಳುಗಳು ಮರ್ಯಾದೆಗಾಗಿ ನಗಲಿಲ್ಲ.

ಕೆಮ್ಮಣ್ಣಿನ ಕಣದ ಅಂಚಿನಲ್ಲಿ ಒಬ್ಬ ಮುದುಕರು ಕೂತಿದ್ದರು. ಮುರುಟಿಹೋದ ಕಿವಿ. ಹೆಗಲ ಮೇಲೆ ಕಂಬಳಿ.

"ರಾ ಸ್ವಾಮಿ, ರಾ. ಕೂತ್ಕಳಿ. ನೀವೇನಾ ಬರ್ದೋರು?"

ಹೌದು ಅಂದೆ. ದನಿ ನನಗೇ ಕೇಳಿಸಲಿಲ್ಲ.

"ನಂಗೆ ಓದಾಕ್ ಬರಾಕಿಲ್ಲ. ಓದಿಸ್ದೆ. ತಪ್ಪು ಓದವ್ನೇನೋ ಅಂತ ಇನ್ನೊಬ್ಬನ ಕೈಲಿ ಓದಿಸ್ದೆ. ಸ್ವಾಮಿ, ನಿಮ್ಮನ್ನ ಯಾರಾನ 'ಬೆರಳಿಗೆ ಮಸಿ ತಾಗದ ರೈಟ್ರು' ಅಂತ ಹೊಗಳಿದ್ರೆ ನೀವು ಸುಮ್ಕಿರ್ತೀರಾ?"

ನಾನು ನನ್ನ ಬೆರಳು ನೋಡಿಕೊಂಡೆ. ಇಪ್ಪತ್ತು ವರ್ಷದ ಮಸಿ. ನಾಚಿಕೆಯಾಯಿತು.

"ಮಣ್ಣು ತಾಗದೋನು ಅಂದ್ರೆ ಗರಡಿ ಬಾಗ್ಲಾಚೆ ನಿಂತೋನು" ಅಂದರು ಅವರು. "ಸೇರೋ ದಿನ ಉಸ್ತಾದ್ರು ಶಿಷ್ಯನ ಬೆನ್ನಿಗೆ ಮೊದಲ ಹಿಡಿ ಮಣ್ಣು ಬಳೀತಾರೆ. ಆಮ್ಯಾಕೆ ದಿನಾ ಎತ್ತಿ ಎತ್ತಿ ಒಗೀತಾರೆ. ಹಂಗೆ ಬಿದ್ದು ಬಿದ್ದೇ ನಾನು ನಿಲ್ಲೋದು ಕಲ್ತಿದ್ದು. ಸಿರಾದಾಗೆ ನಮ್ಮ ಉಸ್ತಾದ್ರು ತೀರ್ಕೊಂಡು ಎಷ್ಟೋ ಕಾಲ ಆಯ್ತು. ಅವ್ರದೊಂದು ಪಟ ಇಲ್ಲ, ಗೋರಿ ಮ್ಯಾಲೆ ಹೆಸರಿಲ್ಲ. ಉಳ್ದಿರೋದು ನನ್ನ ಬೆನ್ನ ಮ್ಯಾಲಿನ ಮಣ್ಣೊಂದೇ. ಅದ್ನೂ ಒರೆಸಿ ಹಾಕ್ಬುಟ್ರಲ್ಲ ಸ್ವಾಮಿ."

ಎಪ್ಪತ್ತು ದಾಟಿದ ಪೈಲ್ವಾನರ ಕಣ್ಣಲ್ಲಿ ನೀರಾಡಿತು. ಹೊಗಳಿಕೆ ಅಂದುಕೊಂಡು ನಾನು ಒಬ್ಬರ ಗುರುವನ್ನೇ ಅಳಿಸಿಹಾಕಿದ್ದೆ.

ಸಿದ್ಧಲಿಂಗನಿಗೆ ಅಷ್ಟಕ್ಕೇ ಸಮಾಧಾನವಾಗಲಿಲ್ಲ. "ಹಾಗಾದ್ರೆ ನಿಮ್ಮ ದೊಡ್ಡಸ್ತಿಕೆ ಯಾವುದು ತಾತ? ಕೊರಟಗೆರೆಯ ಕುಸ್ತಿನಾ?"

"ಅದಾ? ನಮ್ಮಿಬ್ರಿಗೂ ಸುಸ್ತಾಗಿ ಒಬ್ರ ಮ್ಯಾಲೊಬ್ರು ಒರಗಿ ನಿಂತಿದ್ವು ಕಣಪ್ಪ. 'ಬುಡಾನಾ?' ಅಂತ ನಾನು, 'ನೀನು ಮೊದ್ಲು ಬುಡು' ಅಂತ ಅವ್ನು. ಜನ ಒಂದೇ ಸಮ್ನೆ ಚಪ್ಪಾಳೆ ಹೊಡೀತಾವ್ರೆ, ಹೆಂಗೆ ಬುಡಾದು?"

"ಸಿರಾ ಡೇರೇಲಿ ಚಿತ್ ಮಾಡಿದ್ದು?"

"ಪಾಪಂ, ಅವ್ನಿಗೆ ಮೂರು ದಿನದಿಂದ ಜ್ವರ."

"ಮತ್ತೆ... ಫೋಟೋದಲ್ಲಿ ಆ ಎದೆ?" ಹುಡುಗನ ದನಿ ಸಣ್ಣಗಾಗಿತ್ತು.

"ಅದು ಎದೆ ಅಲ್ಲ ಮರಿ, ಉಸುರು. ಫೋಟೋದವ್ನು ಬಿಗಿ ಹಿಡಿ ಅಂದ. ಹಿಡಿದೆ. ಬುಡು ಅಂತ ಹೇಳೋದೇ ಮರ್ತ. ಬವಳಿ ಬಂದಂಗಾಗಿತ್ತು!"

ಗರಡಿಗೆ ಗರಡಿಯೇ ನಕ್ಕಿತು. ಮೂರು ಕಾಲದ ಅಭಿಮಾನಿಗಳನ್ನು ಮುದುಕರು ಕೂತಲ್ಲೇ ಚಿತ್ ಮಾಡಿದ್ದರು.

ಸರಿ, ಹಲಗೆಯ ಗತಿ? ಹೊಸದು ಬರೆಸಲು ಪೇಂಟರು ಮದುವೆ ಅಂತ ಊರಿಗೆ ಹೋಗಿದ್ದ. ನಾನು ಸಾಲನ್ನೇ ದಿಟ್ಟಿಸಿದೆ. ತಾಗದ. ತಾಗದ. ತಟ್ಟನೆ ಹೊಳೆಯಿತು. ಬೇಕಾಗಿರುವುದು ಒಂದೇ ಒಂದು ಗುಡಿಸು! (ಪೊರಕೆಯ ಗುಡಿಸು ಅಲ್ಲ ಸ್ವಾಮಿ, ಕಾಗುಣಿತದ್ದು.) ಗಕಾರಕ್ಕೆ ಗುಡಿಸು ಕೊಟ್ಟರೆ ತಾಗದ ಹೋಗಿ ತಾಗಿದ.

ಲೇಖನಿಗೆ ತಡಕಾಡಿದೆ. ಪೈಲ್ವಾನರು ನನ್ನ ಕೈ ಹಿಡಿದು, ಬೆರಳನ್ನು ಕಣದ ಒದ್ದೆ ಕೆಮ್ಮಣ್ಣಿಗೆ ಅದ್ದಿದರು. ಕಪ್ಪು ಅಕ್ಷರದ ತಲೆಯ ಮೇಲೆ ಒಂದು ಕೆಂಪು ಗುಡಿಸು ಕೂತಿತು. ಸಿದ್ಧಲಿಂಗ ಗಟ್ಟಿಯಾಗಿ ಓದಿದ: "ಬೆನ್ನಿಗೆ ಮಣ್ಣು ತಾಗಿದ ಪೈಲ್ವಾನ್ ಕರಿಯಣ್ಣನವರು."

"ಈಗ ಸರಿ. ಶುಕ್ರವಾರ ಬತ್ತೀನಿ" ಅಂದರು. ಆಮೇಲೆ, "ಒಳೀಕೆ ಬಂದ್ಮ್ಯಾಕೆ ನೀವೂ ನಮ್ಮೋರೇ" ಅನ್ನುತ್ತ ಒಂದು ಹಿಡಿ ಮಣ್ಣು ತೆಗೆದು ನನ್ನ ಬೆನ್ನಿಗೆ ಬಳಿದೇಬಿಟ್ಟರು. ನಿಜ ಹೇಳಲೇ? ನಲವತ್ತು ವರ್ಷದಲ್ಲಿ ಮೊದಲ ಸಲ ನನ್ನ ಬೆನ್ನು ನೆಟ್ಟಗಾಯಿತು.

ಶುಕ್ರವಾರ ಬೋರ್ಡು ನೋಡಿದ್ದೇ ರುದ್ರಯ್ಯನವರು, ಬುಡೇನ್ ಸಾಬ್ ಇಬ್ಬರೂ ನನ್ನ ಮೇಲೇರಿ ಬಂದರು. ಅಷ್ಟರಲ್ಲಿ ಕರಿಯಣ್ಣ ಬಂದರು. ತಮ್ಮ ಫೋಟೋ ಕಡೆ ತಿರುಗಿಯೂ ನೋಡಲಿಲ್ಲ. ನೇರ ಹೋಗಿ ಆ ಕೆಂಪು ಗುಡಿಸನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಉಸ್ತಾದರ ಕತೆ ಹೇಳಿದರು. ಜಗಳ ನಿಂತಿತು.

ಎಷ್ಟು ಹೊತ್ತು? ಹಾರ ಬಾಡುವವರೆಗೂ ಇಲ್ಲ. "ಮಣ್ಣು ಅಂದ್ರೆ ನಮ್ಮ ಕಾಲದ ಮಣ್ಣು. ಎಣ್ಣೆ, ಮಜ್ಜಿಗೆ ಹಾಕಿ ಹದ ಮಾಡ್ತಿದ್ರು" ಅಂದರು ರುದ್ರಯ್ಯನವರು. "ಸಿರಾ ಮಣ್ಣಿನ ಮುಂದೆ ಅದೆಲ್ಲ ಏನು ಸಾಬ್?" ಅಂದ ಬುಡೇನ್. ಸಿದ್ಧಲಿಂಗ ಮಾತ್ರ ಅಂಗಿ ಬಿಚ್ಚಿ ಗರಡಿ ಹೊಸಿಲ ಹತ್ತಿರ ನಿಂತಿದ್ದ.

ನಾನು ಮನೆಗೆ ಬಂದೆ. ಮಂಗಳವಾರ ಹಸಿ ಮಣ್ಣಿನ ಬೆನ್ನ ಮೇಲೇ ತೊಟ್ಟಿದ್ದ ಅಂಗಿಯನ್ನು ಹೆಂಡತಿ ಎರಡನೇ ಸಲ ಒಗೆಯುತ್ತಿದ್ದಳು. ಕೆಂಪು ಕಲೆ ಜಪ್ಪಯ್ಯ ಅಂದರೂ ಹೋಗಿರಲಿಲ್ಲ.

"ಏನ್ರೀ ಇದು, ಬೆನ್ನ ತುಂಬ ಮಣ್ಣು? ಯಾರ್ರೀ ನಿಮ್ಮನ್ನ ಕೆಡವಿದ್ದು?"

"ಒಂದು ಗುಡಿಸು ಕಣೇ" ಅಂದೆ.