ಪೈಲ್ವಾನನನ್ನು ನಾಲೆಗಿಳಿಸಿದ್ದು

ವೈದ್ಯ ಪದವಿ ಮುಗಿಸಿ ನಾನು ಮಂಡ್ಯದ ಒಂದು ಆಸ್ಪತ್ರೆಗೆ ಕಿರಿಯ ಡಾಕ್ಟರಾಗಿ ಬಂದಾಗ ಎರಡನೇ ಮಹಾಯುದ್ಧ ಶುರುವಾಗಿತ್ತು. ಅಲ್ಲಿದ್ದ ಹಿರಿಯ ಡಾಕ್ಟರು ಜ್ವರ, ಹೊಟ್ಟೆ, ಎದೆ, ಹೆರಿಗೆ ನೋಡುತ್ತಿದ್ದರು. ಉಳಿದದ್ದು ನನ್ನ ಪಾಲಿಗೆ ಬಂತು. ಉಳಿದದ್ದೆಂದರೆ ಗಾಡಿಯಿಂದ ಬಿದ್ದವರು, ತೆಂಗಿನ ಮರದಿಂದ ಬಿದ್ದವರು, ಕಬ್ಬಿನ ಗಾಣಕ್ಕೆ ಕೈ ಕೊಟ್ಟವರು ಮತ್ತು ಕುಸ್ತಿಯವರು. ಮಗ ಏನು ಮಾಡುತ್ತಾನೆಂದು ನಮ್ಮೂರು ಮಳವಳ್ಳಿಯಲ್ಲಿ ಯಾರಾದರೂ ಕೇಳಿದರೆ ನಮ್ಮಪ್ಪ, "ಮೂಳೆ ಕಟ್ತಾನೆ," ಎನ್ನುತ್ತಿದ್ದರು. ಇಷ್ಟು ಓದಿಸಿದ್ದು ಇದಕ್ಕೇನಾ ಎಂದು ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ನಾನು ಜೀವಮಾನವಿಡೀ ಮಾಡಿದ ಕೆಲಸಕ್ಕೆ ಆಗ ನಮ್ಮ ಕಡೆ ಹೆಸರೇ ಇರಲಿಲ್ಲ. ಮೂಳೆ ಕೂಡಿಸುವುದನ್ನು ಕಾಲೇಜಿನಲ್ಲಿ ಚೆನ್ನಾಗಿ ಕಲಿಸಿದ್ದರು. ಕೂಡಿದ ಮೇಲೆ ಆ ಕಾಲಿನಿಂದ ಏನು ಮಾಡಿಸಬೇಕು ಅನ್ನುವುದು ಪಾಠದಲ್ಲಿರಲಿಲ್ಲ. ಅದು ಪಾಠವಾಗಬೇಕು ಎಂದು ನನಗೆ ಅನ್ನಿಸಿದ್ದು ಒಬ್ಬ ಪೈಲ್ವಾನನ ದೆಸೆಯಿಂದ.

ಅವನು ಮದ್ದೂರಿನಿಂದ ಮಂಡ್ಯಕ್ಕೆ ಬರುವ ದಾರಿಯ ಒಂದು ಹಳ್ಳಿಯವನು. ಮಂಡ್ಯದ ಕುಸ್ತಿಯಲ್ಲಿ ಎದುರಾಳಿ ಇವನ ಎಡಗಾಲಿನ ಮೇಲೆಯೇ ಕುಸಿದುಬಿದ್ದು, ಮೊಣಕಾಲ ಕೆಳಗಿನ ಎರಡು ಮೂಳೆಯೂ ಮುರಿದಿದ್ದವು. ಬಾಗಿಲು ಕಿತ್ತು ಅದರ ಮೇಲೆ ಮಲಗಿಸಿಕೊಂಡು ಹೊತ್ತು ತಂದರು. ಯಾರ ಮನೆಯ ಬಾಗಿಲೋ, ಅದು ಬಹಳ ಕಾಲ ಆಸ್ಪತ್ರೆಯಲ್ಲೇ ಇತ್ತು. ಮೂಳೆ ಜೋಡಿಸಿ, ತೊಡೆಯವರೆಗೆ ಪ್ಲಾಸ್ಟರ್ ಹಾಕಿ, ಮನೆಗೆ ಕಳಿಸಿದೆವು.

ತಿಂಗಳುಗಳು ಕಳೆದ ಮೇಲೆ ಪ್ಲಾಸ್ಟರ್ ಬಿಚ್ಚಿದೆ. ಒಳಗೆ ನುಗ್ಗೇಕಾಯಿಯಂಥ ಕಾಲಿತ್ತು. ಪೈಲ್ವಾನ ಅದನ್ನು ಬಹಳ ಹೊತ್ತು ನೋಡಿದ.

"ಸ್ವಾಮಿ, ಇದು ನಂದಲ್ಲ," ಎಂದ.

"ನಿಂದೇ."

"ನನ್ ಕಾಲು ನಂಗೊತ್ತಿಲ್ವಾ? ಯಾರ್ದೋ ಬದ್ಲಾಗೈತೆ."

ಮೊಣಕಾಲು ಬಾಗುತ್ತಿರಲಿಲ್ಲ, ಹಿಮ್ಮಡಿ ಊರಲಾಗುತ್ತಿರಲಿಲ್ಲ. ಹಿರಿಯ ಡಾಕ್ಟರು ಬಂದು ನೋಡಿ, ಮೂಳೆ ಚೆನ್ನಾಗಿ ಕೂಡಿದೆ, ವಿಶ್ರಾಂತಿ ತೆಗೆದುಕೊಳ್ಳಲಿ ಎಂದರು. ಎಲ್ಲಿಯವರೆಗೆ ಎಂದು ಕೇಳಿದೆ. "ವಾಸಿಯಾಗೋವರೆಗೆ," ಎಂದು ವಾರ್ಡಿಗೆ ಹೋದರು. ಅವರ ಮೇಲೆ ನನಗೆ ದೂರಿಲ್ಲ. ಆಗ ದೇಶದಲ್ಲೆಲ್ಲ ಅದೇ ಮಾತು.

ಆ ಕಾಲು ನನ್ನ ತಲೆಯಿಂದ ಹೋಗಲಿಲ್ಲ. ಒಂದು ಭಾನುವಾರ ಸೈಕಲ್ ತುಳಿದುಕೊಂಡು ಅವನ ಹಳ್ಳಿಗೆ ಹೋದೆ. ಪೈಲ್ವಾನ ಜಗಲಿಯ ಮೇಲೆ ಮಲಗಿದ್ದ. ಕಾಲೊಂದು ಬಿಟ್ಟು ಉಳಿದದ್ದೆಲ್ಲ ದಪ್ಪಗಾಗಿತ್ತು. ಮದುವೆಯಾಗದ ಅವನನ್ನು ಸಾಕುತ್ತಿದ್ದವಳು ಗಂಡ ತೀರಿಕೊಂಡ ಅವನ ಅಕ್ಕ. ಗದ್ದೆ, ಕಬ್ಬು, ಎಮ್ಮೆ, ತಮ್ಮ ನಾಲ್ಕನ್ನೂ ಒಬ್ಬಳೇ ನೋಡಿಕೊಳ್ಳುತ್ತಿದ್ದಳು. ನಾನು ಅವನನ್ನು ಎಬ್ಬಿಸಿ ನಿಲ್ಲಿಸಲು ಹೋದಾಗ ಬಾದಾಮಿ ಹಾಲಿನ ಲೋಟ ಹಿಡಿದುಕೊಂಡು ಅಡ್ಡ ಬಂದಳು.

"ಏಳಿಸ್ಬ್ಯಾಡಿ. ದೊಡ್ಡ ಡಾಕ್ಟ್ರು ಮಲಗ್ಸಿ ಅಂದವ್ರೆ."

"ನಾನೂ ಡಾಕ್ಟರೇ ಕಣಮ್ಮ."

"ನೀವು ಚಿಕ್ಕೋರು."

ಅದು ನಿಜವಾದ್ದರಿಂದ ಲೋಟದ ಹಾಲು ನನಗೂ ಒಂದಷ್ಟು ಕೊಟ್ಟಳು.

ಕಾಲೇಜಿನ ವಾಚನಾಲಯಕ್ಕೆ ಬರುತ್ತಿದ್ದ ಒಂದು ವಿದೇಶಿ ಪತ್ರಿಕೆಯಲ್ಲಿ, ಕಾಲು ಸೋತವರನ್ನು ಕೊಳದ ನೀರಿನಲ್ಲಿ ನಿಲ್ಲಿಸಿ ನಡೆಸುವ ಚಿತ್ರ ನೋಡಿದ್ದೆ. ನೀರು ಮೈಭಾರ ಹೊರುತ್ತದೆ, ಕಾಲು ಹೆದರದೆ ಆಡುತ್ತದೆ. ಮಂಡ್ಯದಲ್ಲಿ ಕೊಳವಿರಲಿಲ್ಲ. ಆದರೆ ಹಳ್ಳಿಯ ಪಕ್ಕದಲ್ಲೇ ನಾಲೆಯ ಕವಲೊಂದು ಎದೆಮಟ್ಟ ನೀರಿನಿಂದ ನಿಧಾನವಾಗಿ ಹರಿಯುತ್ತಿತ್ತು. ಮರುವಾರ ಅಕ್ಕನನ್ನು ಒಪ್ಪಿಸಿ ಪೈಲ್ವಾನನನ್ನು ಗಾಡಿಯಲ್ಲಿ ಅಲ್ಲಿಗೆ ಕರೆದೊಯ್ದೆ. ನಾಲೆಯ ತೂಬು ಕಾಯುವ ನೀರುಗಂಟಿ ಏರಿಯ ಮೇಲೆ ನಿಂತಿದ್ದ.

"ಮನುಸ್ರು ನಾಲೆಗಿಳಿಯಂಗಿಲ್ಲ," ಎಂದ.

"ಅಲ್ಲಿ ಎಮ್ಮೆ ಇಳಿದಿವೆಯಲ್ಲ?"

"ಎಮ್ಮೆ ಮೈ ತೊಳೀಬೋದು. ಅದುಕ್ ಅಪ್ಪಣೆ ಐತೆ."

"ಎಮ್ಮೆ ತೊಳೆಯುವವರು?"

ಅವನು ಯೋಚಿಸಿದ. "ತೊಳಿಯೋಕೆ ಇಳೀಲೇಬೇಕಲ್ಲ," ಎಂದ.

ಅಕ್ಕ ಹಿಂದಕ್ಕೆ ಹೋಗಿ ಮನೆಯ ಎಮ್ಮೆಯನ್ನು ಹೊಡೆದುಕೊಂಡು ಬಂದಳು. ಹೀಗೆ ನನ್ನ ಚಿಕಿತ್ಸೆಯಲ್ಲಿ ಎಮ್ಮೆ ಸೇರಿಕೊಂಡಿತು. ಪೈಲ್ವಾನ ಅದರ ಬೆನ್ನಿನ ಮೇಲೆ ಕೈಯೂರಿಕೊಂಡು ನೀರಿನಲ್ಲಿ ನಿಂತ. ಎಮ್ಮೆ ಮುಂದೆ ಹೋಯಿತು. ಬೇರೆ ದಾರಿಯಿಲ್ಲದೆ ಅವನೂ ಹೋದ. ನಾನು ಏರಿಯ ಮೇಲೆ ಅವರ ಜೊತೆಗೆ ನಡೆಯುತ್ತ, "ಮೊಣಕಾಲು ಬಗ್ಗಿಸು, ಹಿಮ್ಮಡಿ ಊರು," ಎಂದು ಕೂಗುತ್ತಿದ್ದೆ. ಗದ್ದೆಯಲ್ಲಿ ನಾಟಿ ಹಾಕುತ್ತಿದ್ದ ಹೆಂಗಸರು ಸೊಂಟ ನೆಟ್ಟಗೆ ಮಾಡಿ ನೋಡಿದರು. ಡಾಕ್ಟರು ಎಮ್ಮೆಗೆ ನಡಿಗೆ ಕಲಿಸುತ್ತಿದ್ದಾರೆಂಬ ಸುದ್ದಿ ನಾನು ಮಂಡ್ಯ ತಲುಪುವ ಮೊದಲೇ ಆಸ್ಪತ್ರೆ ತಲುಪಿತ್ತು. ಹಿರಿಯ ಡಾಕ್ಟರು ನನ್ನ ಒದ್ದೆ ಚಪ್ಪಲಿ ನೋಡಿ ನೆಗಡಿಯಾದೀತು ಎಂದರು.

ಬರಬರುತ್ತ ಮೊಣಕಾಲು ಬಾಗಿತು. ತೊಡೆ ತುಂಬಿಕೊಂಡಿತು. ನಾಲೆಯ ನೀರು ನಿಲ್ಲಿಸುವ ಕಾಲ ಬಂದಾಗ ಅವನು ಒಣ ನಾಲೆಯಲ್ಲಿ ಎಮ್ಮೆಯಿಲ್ಲದೆ ನಡೆಯುತ್ತಿದ್ದ. ಆಮೇಲೆ ಒಂದು ಬೆಳಿಗ್ಗೆ ಅಕ್ಕ ಅವನನ್ನು ಗಾಡಿಯಲ್ಲಿ ಹಾಕಿಕೊಂಡು ಬಂದಳು. ಎಡಪಾದದ ಕೀಲು ಬೂದುಗುಂಬಳದ ಹಾಗೆ ಊದಿತ್ತು. ಹಿಂದಿನ ದಿನ ಊರಿನ ಗರಡಿಗೆ ಹೋಗಿ ಒಬ್ಬನನ್ನು ಎತ್ತಿ ಒಗೆಯಲು ನೋಡಿದ್ದನಂತೆ. ಮತ್ತೆ ಮುರಿದಿದೆಯೇನೋ ಎಂದು ಒತ್ತಿ ಒತ್ತಿ ನೋಡಿದೆ. ಮೂಳೆ ಗಟ್ಟಿಯಾಗಿತ್ತು, ಉಳುಕಿತ್ತಷ್ಟೆ. ಆಗ ನನಗೆ ಸಿಟ್ಟು ಬಂತು.

"ಗರಡಿಗೆ ಹೋಗು ಅಂತ ನಿನಗೆ ಯಾರು ಹೇಳಿದ್ದು?"

"ಕಾಲು ಆಡ್ಸು ಅಂದ್ರಿ. ಆಡಿಸ್ದೆ."

"ಸುಮ್ಕಿರ್ಲಾ," ಎಂದಳು ಅಕ್ಕ. ಆಮೇಲೆ ನನ್ನ ಕಡೆ ತಿರುಗಿ, "ಎತ್ತಿ ಒಗದ್ನಂತೆ ಸ್ವಾಮಿ. ಬಿದ್ದಿದ್ದು ಆಮ್ಯಾಕೆ," ಎಂದಳು. ಅವಳ ದನಿಯಲ್ಲಿ ಬೇಸರವೇನೂ ಇರಲಿಲ್ಲ.

ಆ ದಿನದಿಂದ ನಾನು ಅವನನ್ನು ಬರೀ ನಡೆಸುವುದನ್ನು ಬಿಟ್ಟು ಕುಸ್ತಿಗೇ ತಯಾರು ಮಾಡಿದೆ. ಅವನಿಗೆ ಬೇಕಾಗಿದ್ದುದು ಅದೇ, ನಾನು ಮೊದಲೇ ಕೇಳದೆ ಹೋಗಿದ್ದೆ. ಒಂಟಿ ಕಾಲಲ್ಲಿ ನಿಲ್ಲುವುದು, ಬಸ್ಕಿ, ಆಮೇಲೆ ಕಬ್ಬಿನ ಜಲ್ಲೆಗಳ ಹೊರೆ ಹೊತ್ತು ಬಸ್ಕಿ. ಹೊರೆಯನ್ನು ಒಂದೊಂದೇ ಜಲ್ಲೆ ಸೇರಿಸಿ ದಪ್ಪ ಮಾಡುತ್ತ ಹೋಗುವುದು ನನ್ನ ಯೋಜನೆ. ಅವನು ಅಷ್ಟೇ ಶ್ರದ್ಧೆಯಿಂದ ಜಲ್ಲೆ ತಿನ್ನುತ್ತಿದ್ದುದರಿಂದ ಹೊರೆ ಬೆಳೆಯಲು ತಡವಾಯಿತು.

ಮುಂದಿನ ವರ್ಷ ಅವನು ಮಂಡ್ಯದಲ್ಲಿ ಮತ್ತೆ ಅಖಾಡಕ್ಕೆ ಇಳಿದ. ಹಿರಿಯ ಡಾಕ್ಟರೂ ಬಂದು ನನ್ನ ಪಕ್ಕ ಕುರ್ಚಿ ಹಾಕಿಸಿಕೊಂಡರು. ಪೈಲ್ವಾನ ಚೆನ್ನಾಗಿ ಹಿಡಿದ, ಚೆನ್ನಾಗಿ ನಿಂತ, ಆಮೇಲೆ ಚಿತ್ ಆಗಿ ಸೋತ. ನಾನು ಎದ್ದು ಓಡಿದೆ. ಅಷ್ಟರಲ್ಲಿ ಅವನೇ ಎದ್ದು, ಎಡಗಾಲಿನ ಮೇಲೆ ಒಮ್ಮೆ ಕುಪ್ಪಳಿಸಿ ತೋರಿಸಿದ.

"ಬೆನ್ನು ಮಣ್ಣಾಯ್ತು ಸ್ವಾಮಿ. ಕಾಲ್ಗೇನೂ ಆಗ್ನಿಲ್ಲ," ಎಂದ. ಹಿರಿಯ ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡು, ಧೂಳು ಎಂದರು.

ಅವರು ಈ ಸಂಗತಿಯನ್ನು ಮೈಸೂರಿನ ತಮ್ಮ ಗೆಳೆಯರೊಬ್ಬರಿಗೆ ಹೇಳಿದರು. ಆ ಗೆಳೆಯರು ವೈದ್ಯ ವಿದ್ಯಾರ್ಥಿಗಳಿಗೆ ಪಾಠ ಹೇಳುವ ಪ್ರೊಫೆಸರು. ನನ್ನನ್ನು ಕರೆಸಿಕೊಂಡು ಎಲ್ಲವನ್ನೂ ಕೇಳಿ ಕೊನೆಗೆ, "ಈ ಚಿಕಿತ್ಸೆಗೆ ಎಮ್ಮೆ ಅಗತ್ಯವೇ?" ಎಂದರು.

"ನೀರುಗಂಟಿಗೆ ಅಗತ್ಯ ಸಾರ್. ರೋಗಿಗೆ ನೀರು ಸಾಕು."

ಅವರು ನಗಲಿಲ್ಲ. ವಿದ್ಯಾರ್ಥಿಗಳನ್ನು ಸರದಿಯ ಮೇಲೆ ಮಂಡ್ಯಕ್ಕೆ ಕಳಿಸುತ್ತೇನೆ, ಪಾಠ ಮಾಡಿ ಎಂದರು. ಹಿರಿಯ ಡಾಕ್ಟರು ಹಳೇ ಮಂಚಗಳನ್ನು ತುಂಬಿದ್ದ ಕೋಣೆಯೊಂದನ್ನು ಖಾಲಿ ಮಾಡಿಸಿಕೊಟ್ಟರು. ಅಲ್ಲಿ ನಾನು ಮೇಷ್ಟರಾದೆ. ಹುಡುಗರು ಬರುವಾಗ ಎಮ್ಮೆ ಎಲ್ಲಿ ಎಂದು ಕೇಳುತ್ತ ಬರುತ್ತಿದ್ದರು. ಹೋಗುವಾಗ ಒಬ್ಬಿಬ್ಬರಾದರೂ ಮೊಣಕಾಲು ನೋಡುವುದನ್ನು ಕಲಿತು ಹೋಗುತ್ತಿದ್ದರು.

ನಲವತ್ತೇಳರ ಶುರುವಿನಲ್ಲಿ, ಕರೆಂಟು ತಯಾರಾಗುವ ಬ್ಲಫ್ ಎಂಬ ಊರಿನಿಂದ ಒಬ್ಬ ಲೈನ್‌ಮನ್ ಬಂದ. ಕರೆಂಟು ಕಂಬದಿಂದ ಬಿದ್ದು ತೊಡೆಮೂಳೆ ಮುರಿದುಕೊಂಡವನು. ಮೂಳೆ ಕೂಡಿತ್ತು, ಕುಂಟದೆ ನಡೆಯುತ್ತಿದ್ದ. ಈ ಸಲ ನಾನು ಮೊದಲೇ ಕೇಳಿದೆ, ನಿನಗೇನು ಬೇಕು ಎಂದು.

"ನಡ್ಯೋದು ನಡೀತೀನಿ ಸ್ವಾಮಿ. ನನ್ ಕೆಲ್ಸ ಕಂಬದ ಮ್ಯಾಲೆ."

ಆಸ್ಪತ್ರೆಯ ಅಂಗಳದಲ್ಲಿ ಒಂದು ಕಂಬ ನೆಡಿಸಿದೆ. ಅವನು ಅದರ ಬುಡದಲ್ಲಿ ಕೂತು ಬಹಳ ದಿನ ಬೀಡಿ ಸೇದಿದ. ಕಾಲಿಗೆ ಬಲ ಬಂದಿತ್ತು, ಮನಸ್ಸಿಗೆ ಬಂದಿರಲಿಲ್ಲ. ವಿದ್ಯಾರ್ಥಿಯೊಬ್ಬ ಧೈರ್ಯ ಹೇಳಲು ತಾನೇ ಹತ್ತಿ, ಅರ್ಧದಲ್ಲಿ ಸಿಕ್ಕಿಕೊಂಡು, ಕೆಳಗೆ ನೋಡಲಾರದೆ ಕಂಬ ತಬ್ಬಿಕೊಂಡ. ಲೈನ್‌ಮನ್ ಬೀಡಿ ಎಸೆದು, "ಅಲ್ಲಾಡ್ಬ್ಯಾಡ ಕಣಪ್ಪ, ಬತ್ತೀನಿ," ಎಂದು ಮೇಲೆ ಹತ್ತಿದ. ಹುಡುಗನನ್ನು ಒಂದೊಂದೇ ಹೆಜ್ಜೆ ಇಳಿಸಿ ಕೆಳಗೆ ಬಿಟ್ಟ. ತಾನು ಹತ್ತಿದ್ದು ಅವನಿಗೆ ಗೊತ್ತಾದದ್ದು ಇಳಿದ ಮೇಲೆ. ಕಂಬವನ್ನೊಮ್ಮೆ ನೋಡಿದ. ಮತ್ತೆ ಹತ್ತಿ, ಈ ಸಲ ತುದಿಯವರೆಗೆ ಹೋಗಿ ಅಲ್ಲೇ ಕೂತ.

ಹಿರಿಯ ಡಾಕ್ಟರು ಹೊರಗೆ ಬಂದು ತಲೆಯೆತ್ತಿ, "ಯಾರದು?" ಎಂದರು.

"ನನ್ನ ರೋಗಿ ಸಾರ್."

"ಇಳಿಸಲ್ವೇ?"

ಊಟಕ್ಕೆ ಇಳಿಯುತ್ತಾನೆ ಎಂದೆ. ಊಟದ ಹೊತ್ತಿಗೆ ಇಳಿದ.