ಬಾವಿಗೆ ಬಿದ್ದ ಕಂಪೆನಿ

ಜೆಪ್ಪುವಿನ ನಮ್ಮ ಮನೆಗೆ ಭಾನುವಾರ ಸಂಜೆ ಯಾರೇ ಬರಲಿ, ಕಾಫಿ ಸಿಗುವ ಮೊದಲು ಅವರು ಒಂದು ಪ್ರಶ್ನೆಗೆ ಉತ್ತರ ಹೇಳಬೇಕಾಗಿತ್ತು. ಕೊಟ್ಟಿಗೆಗೆ ತಾಗಿ ಇಳಿಸಿದ ಮಾಡಿನ ಕೆಳಗೆ ಒಂದು ಕಪ್ಪು ಕಾರು ನಿಂತಿರುತ್ತಿತ್ತು. ಅದನ್ನು ಮಾಡಿದ ಕಂಪೆನಿ ಯಾವುದು? ವಕೀಲರು, ಹೆಂಚಿನ ಕಾರ್ಖಾನೆಯ ಗುಮಾಸ್ತರು, ನೆಂಟರು, ನೆಂಟರ ನೆಂಟರು ಎಲ್ಲರೂ ಅಂಗಳಕ್ಕಿಳಿದು ಕಾರಿಗೆ ಒಂದು ಸುತ್ತು ಬರುತ್ತಿದ್ದರು, ಬಾನೆಟ್ಟಿನ ಮೇಲೆ ಬೆರಳಿನಿಂದ ಕುಟ್ಟಿ ನೋಡುತ್ತಿದ್ದರು, ಆಮೇಲೆ ಚಾವಡಿಯಲ್ಲಿ ಬಂದು ಕೂತು ಏನೋ ಒಂದು ಹೇಳುತ್ತಿದ್ದರು. ಬಂದವರಿಗೆ ಅದು ಆಟ. ಆದರೆ ಯಾರಾದರೂ ಅದರಲ್ಲಿ ಗೆದ್ದರೆ ನನ್ನ ಚಿಕ್ಕಮ್ಮನ ಕಾರು ಮಾರಾಟವಾಗುತ್ತಿತ್ತು.

ಇದು ಎರಡನೆಯ ಮಹಾಯುದ್ಧಕ್ಕೆ ಸ್ವಲ್ಪ ಹಿಂದಿನ ಸಂಗತಿ. ಬಲ್ಮಠದ ಕಾಲೇಜಿಗೆ ಸೇರಲು ಹೊರಟ ಹುಡುಗಿ ನಾನು, ಅಪ್ಪನ ಊರಿನಿಂದ ಅಮ್ಮನ ಕುಟುಂಬದ ಮನೆಗೆ ಬಂದಿದ್ದೆ. ನಮ್ಮದು ಅಳಿಯಸಂತಾನದ ಕುಟುಂಬ. ಗಂಡ ತೀರಿಹೋದರೆ ಹೆಂಗಸು ತಾಯಿಮನೆಗೆ ಮರಳುತ್ತಾಳೆ, ಅಲ್ಲಿ ಯಜಮಾನಿಕೆ ಅವಳ ಅಣ್ಣನದು. ಚಿಕ್ಕಮ್ಮನೂ ಹಾಗೆಯೇ ಮರಳಿದ್ದಳು. ಎಲ್ಲರೂ ಪೆಟ್ಟಿಗೆ, ಪಾತ್ರೆ ತರುತ್ತಾರೆ. ಇವಳು ಕಾರು ತಂದಳು. ಅದೂ ತಾನೇ ಓಡಿಸಿಕೊಂಡು, ತಲೆಗೆ ಸೆರಗು ಬಿಗಿದು, ಹಿಂದಿನ ಸೀಟಿನಲ್ಲಿ ಹುಲ್ಲಿನಲ್ಲಿ ಕಟ್ಟಿದ ಎರಡು ಮುಡಿ ಅಕ್ಕಿಯೊಂದಿಗೆ.

ಚಿಕ್ಕಪ್ಪ ಆ ಕಾರನ್ನು ಘಟ್ಟದ ಮೇಲಿನ ಕಾಫಿ ತೋಟದ ಒಬ್ಬ ಬಿಳಿಯ ದೊರೆಯಿಂದ ಕೊಂಡವರು. ಬದುಕಿದ್ದಾಗಲೇ ಅದನ್ನು ಹೆಂಡತಿಗೆ ಕೊಟ್ಟೆನೆಂದು ನಾಲ್ಕು ಜನರ ಮುಂದೆ ಹೇಳಿದ್ದರು. ವಾಮಂಜೂರಿನ ಕೊಯ್ಲಾದ ಗದ್ದೆಯಲ್ಲಿ ಅವಳಿಗೆ ಓಡಿಸಲು ಕಲಿಸಿದವರೂ ಅವರೇ. ಹುಣಿಗೆ, ಅಂದರೆ ಗದ್ದೆಯ ಬದುವಿಗೆ, ಗುದ್ದಿ ಗುದ್ದಿ ಅವಳು ಕಲಿತಳಂತೆ. ಆ ಗದ್ದೆಗಳ ಉಸ್ತುವಾರಿ ನಮ್ಮ ಕುಟುಂಬದ್ದೇ ಆದ್ದರಿಂದ ಈಗ ವಾರಕ್ಕೊಮ್ಮೆ ಜೆಪ್ಪುವಿನಿಂದ ವಾಮಂಜೂರಿಗೆ ಹೋಗಿ ಬರುವ ಕೆಲಸವನ್ನು ಅವಳೇ ಹಿಡಿದುಕೊಂಡಿದ್ದಳು. ಉಳಿದ ದಿನ ಅವಳು ಒಳಕೋಣೆಯ ವಿಧವೆ. ಆ ಒಂದು ದಿನ ಮಾತ್ರ ಅವಳ ಧ್ವನಿಯೇ ಬೇರೆ. ಹಾರ್ನಿನ ರಬ್ಬರಿನ ಉಂಡೆಯನ್ನು ಹಿಚುಕಿ ಕೋಳಿಗಳನ್ನು ಓಡಿಸಿ, ಗೇಟು ದಾಟಿ ಹೋಗುವಾಗ ಅವಳು ಹಿಂದೆ ತಿರುಗಿ ನೋಡುತ್ತಿರಲಿಲ್ಲ. ನನಗೆ ಅವಳ ಮೇಲೆ ಆಗ ಇದ್ದದ್ದು ಪ್ರೀತಿಗಿಂತ ಹೆಚ್ಚು ಹೊಟ್ಟೆಕಿಚ್ಚು.

ಅಮ್ಮನಿಗೆ ಇಬ್ಬರು ಅಣ್ಣತಮ್ಮಂದಿರು. ಸಣ್ಣ ಮಾವನಿಗೆ ರೈಲ್ವೆ ಸ್ಟೇಷನ್ನಿನ ಹತ್ತಿರ ಹೋಟೆಲು ತೆರೆಯುವ ಹುಚ್ಚು ಹಿಡಿದಿತ್ತು. ಕಾರು ಮಾರಿದರೆ ಹೋಟೆಲು ಏಳುತ್ತದೆ ಎಂದು ಅವರ ಲೆಕ್ಕಾಚಾರ. "ಮನೆಗೆ ಬಂದ ಮೇಲೆ ಅದು ಮನೆಯದ್ದು. ಹೆಂಗಸಿಗೆ ಎಂತಕ್ಕೆ ಕಾರು?" ಎಂದು ಊಟದ ಹೊತ್ತಿಗೆ ಸರಿಯಾಗಿ ಶುರುಮಾಡುತ್ತಿದ್ದರು. ಬಾಡಿಗೆಗೆ ಓಡಿಸಲು ಕಾರು ಹುಡುಕುತ್ತಿದ್ದ ಒಬ್ಬ ಬಸ್ಸಿನ ಧಣಿಯನ್ನೂ ಕರೆತಂದರು.

ಧಣಿ ಕಾರನ್ನು ಸುತ್ತಿ ನೋಡಿ ತಲೆ ಕೆರೆದುಕೊಂಡ. ಚಿಕ್ಕಪ್ಪ ಅದಕ್ಕೆ ಕಪ್ಪು ಪೈಂಟು ಹೊಡೆಸುವಾಗ ರೇಡಿಯೇಟರಿನ ನೆತ್ತಿಯ ಮೇಲಿದ್ದ, ಕಂಪೆನಿಯ ಹೆಸರಿನ ಹಿತ್ತಾಳೆಯ ಬಿಲ್ಲೆಗೂ ಸೇರಿಸಿ ಬಳಿಸಿಬಿಟ್ಟಿದ್ದರು. ಚಕ್ರಗಳ ಮುಚ್ಚಳಗಳು ಎಲ್ಲೋ ಘಟ್ಟದಲ್ಲಿ ಉರುಳಿಹೋಗಿದ್ದವು. ಕಾರಿನ ಕಾಗದಗಳು ದೊಡ್ಡ ಮಾವನ ಪೆಟ್ಟಿಗೆಯಲ್ಲಿದ್ದವು, ಅವನ್ನು ಗೆದ್ದಲು ತಿಂದಿದೆ ಎಂದು ಅವರು ಕೈ ಝಾಡಿಸಿ ಹೇಳಿದರು.

"ಕಂಪೆನಿ ಯಾವುದಂತ ಗೊತ್ತಿಲ್ಲದ ಗಾಡಿ ತೆಗೊಂಡು ನಾನೆಂತ ಮಾಡ್ಲಿ ಮಾರಾಯ್ರೆ?" ಎಂದ ಧಣಿ. "ನಾಳೆ ಒಳಗೆ ಗೇರಿನ ಒಂದು ಹಲ್ಲು ಮುರಿದರೆ ಸಾಮಾನಿಗೆ ಯಾರಿಗೆ ಬರೆಯುದು? ಬಿಲ್ಲೆಯ ಪೈಂಟು ಕೆರೆಯುವ ಜನವನ್ನು ಮುಂದಿನ ವಾರ ಕರ್ಕೊಂಡು ಬರ್ತೇನೆ."

ದೊಡ್ಡ ಮಾವ ಆಗ ತೀರ್ಪು ಕೊಟ್ಟರು. ಮನೆಯ ಯಜಮಾನ ಅವರು, ಅವರ ಮಾತಿನ ಮೇಲೆ ಮಾತಿಲ್ಲ. "ಸರಿ. ಕಂಪೆನಿ ಯಾವುದಂತ ಗೊತ್ತಾದ ದಿನ ಮಾರುವ. ಅಲ್ಲಿವರೆಗೆ ಊಟದ ಹೊತ್ತಿಗೆ ಈ ಮಾತು ಬೇಡ."

ಚಿಕ್ಕಮ್ಮ ಬಾಗಿಲಿನ ಹಿಂದೆ ನಿಂತಿದ್ದಳು. ಅಣ್ಣನ ಮಾತು ಕೇಳಿ ಅವಳ ಮುಖ ಸಣ್ಣದಾಯಿತು. ದೊಡ್ಡ ಮಾವನಿಂದ ಅವಳೇನೂ ನಿರೀಕ್ಷಿಸುವಂತಿರಲಿಲ್ಲ. ಅವರಿಗೆ ಆ ಕಾರೆಂದರೆ ಆಗದು. ಚಿಕ್ಕಪ್ಪ ಅದನ್ನು ಕೊಂಡ ದಿನ ಜೊತೆಗೆ ಹೋಗಿದ್ದ ಇವರು ಚಾರ್ಮಾಡಿ ಘಾಟಿಯ ತಿರುವು ತಿರುವಿನಲ್ಲಿಯೂ ಕಾರು ನಿಲ್ಲಿಸಿ ವಾಂತಿ ಮಾಡಿದ್ದರಂತೆ. ಆಮೇಲೆ ಅದರ ಮೆಟ್ಟಿಲಿಗೂ ಕಾಲಿಟ್ಟವರಲ್ಲ. ಈ ಕಥೆಯನ್ನು ನಮ್ಮ ಮನೆಯಲ್ಲಿ ಹೇಳದ ಹಬ್ಬವಿರಲಿಲ್ಲ, ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದೆವು.

ಧಣಿ ಮತ್ತೆ ಬರುವ ಮೊದಲಿನ ಒಂದು ಮಧ್ಯಾಹ್ನ, ಮನೆಯೆಲ್ಲ ಮಲಗಿದ್ದಾಗ, ಕೊಟ್ಟಿಗೆಯ ಕಡೆ ಕಿರಕಿರ ಸದ್ದಾಯಿತು. ಹೋಗಿ ನೋಡಿದರೆ ಚಿಕ್ಕಮ್ಮ ಅಡಿಗೆಮನೆಯ ಕತ್ತಿಯ ತುದಿಯಿಂದ ಬಿಲ್ಲೆಯ ತಿರುಪು ಬಿಚ್ಚುತ್ತಿದ್ದಳು. ನನ್ನನ್ನು ಕಂಡರೂ ಕೈ ನಿಲ್ಲಿಸಲಿಲ್ಲ. ಬಿಲ್ಲೆ ಕೈಗೆ ಬಂದದ್ದೇ ನೇರ ಬಾವಿಕಟ್ಟೆಗೆ ಹೋಗಿ ಒಳಗೆ ಹಾಕಿದಳು.

"ಎಂತ ಚಿಕ್ಕಮ್ಮ ಅದು?"

"ಎಂತದ್ದೂ ಇಲ್ಲ. ಕಾರಿನ ಮೂಗುತಿ."

"ಕಂಪೆನಿ ಯಾವುದು ಹಾಗಾದ್ರೆ?"

"ನನಗೆ ಇಂಗ್ಲಿಷ್ ಬರುದಿಲ್ಲ ಅಂತ ನಿನಗೆ ಗೊತ್ತುಂಟಲ್ಲ ಮಗಾ. ಗೊತ್ತಿಲ್ಲದ್ದು ಬಾಯಿ ತಪ್ಪಿ ಬೀಳುದಿಲ್ಲ, ಒಳ್ಳೆದೇ ಆಯ್ತು." ಕತ್ತಿಯನ್ನು ಸೆರಗಿನಲ್ಲಿ ಒರೆಸಿಕೊಂಡು ಒಳಗೆ ಹೋದಳು. ಬಿಲ್ಲೆ ಎಲ್ಲೋ ದಾರಿಯಲ್ಲಿ ಕಳಚಿ ಬಿದ್ದಿರಬೇಕು ಎಂದು ಆಮೇಲೆ ಮನೆಯಲ್ಲಿ ಎಲ್ಲರೂ ಒಪ್ಪಿಕೊಂಡರು.

ಆಟ ಶುರುವಾದದ್ದು ಹಾಗೆ. ಸಣ್ಣ ಮಾವ ಹಠ ಬಿಡದೆ ಬಂದವರನ್ನೆಲ್ಲ ಕೇಳತೊಡಗಿದರು. ಬಂದವರು ತಮಗೆ ಗೊತ್ತಿದ್ದ ಎರಡೋ ಮೂರೋ ಹೆಸರನ್ನೇ ತಿರುಗಿಸಿ ತಿರುಗಿಸಿ ಹೇಳುತ್ತಿದ್ದರು. ನನಗೆ ಬೇಸರ ಬಂದುಹೋಯಿತು. ಬಲ್ಮಠದಲ್ಲಿ ಹೆಂಗಸರ ಒಂದು ವಾಚನಾಲಯಕ್ಕೆ ವಿಲಾಯಿತಿಯ ಹಳೆಯ ಮೋಟಾರು ಪತ್ರಿಕೆಗಳು ಬರುತ್ತಿದ್ದವು. ಹೆಣ್ಣುಮಕ್ಕಳು ಅಂಥವನ್ನು ಓದುವುದಿಲ್ಲವೆಂದು ಅಲ್ಲಿಗೆ ಬರುವವರೆಲ್ಲ ನಂಬಿದ್ದರಿಂದ ಅವು ಯಾರ ಕೈಯೂ ತಾಗದೆ ನನಗೆ ಹೊಸದಾಗಿಯೇ ಸಿಗುತ್ತಿದ್ದವು. ಅವುಗಳಲ್ಲಿ ನನಗೆ ಒಂದು ಸೋಜಿಗದ ವಿಷಯ ಕಂಡಿತು. ಕಾರು ಮಾಡುವ ಕಂಪೆನಿಗಳಲ್ಲಿ ಹೆಚ್ಚಿನವು ಹುಟ್ಟಿದ್ದು ಕಾರಿಗಾಗಿ ಅಲ್ಲ. ಒಂದು ಮೊದಲು ಹೊಲಿಗೆ ಯಂತ್ರ ಮಾಡುತ್ತಿತ್ತು. ಇನ್ನೊಂದು ಕಾಫಿ ಬೀಜ ಪುಡಿಮಾಡುವ ಗಿರಣಿ, ಮತ್ತೊಂದು ಬಂದೂಕು. ಅಮೆರಿಕದಲ್ಲಿ ಒಂದು ಕಂಪೆನಿ ಹಕ್ಕಿಯ ಪಂಜರ ಮಾಡಿಕೊಂಡಿದ್ದು ಆಮೇಲೆ ಸೈಕಲ್ಲಿಗೆ, ಸೈಕಲ್ಲಿನಿಂದ ಕಾರಿಗೆ ಬಂದಿತ್ತಂತೆ. ಎಷ್ಟೋ ಕಂಪೆನಿಗಳು ಒಂದಷ್ಟು ಕಾರು ಮಾಡಿ ಮುಚ್ಚಿಹೋಗಿದ್ದವು, ಅವುಗಳ ಹೆಸರು ಪತ್ರಿಕೆಯ ಮೂಲೆಯಲ್ಲಿ ಮಾತ್ರ ಉಳಿದಿತ್ತು.

ಹಾಗಾಗಿ ಆಟಕ್ಕೆ ನಾನೊಂದು ನಿಯಮ ತಂದೆ. ಬರಿಯ ಹೆಸರು ಹೇಳಿದರೆ ಸಾಲದು, ಆ ಕಂಪೆನಿ ಕಾರಿಗೆ ಮೊದಲು ಏನು ಮಾಡುತ್ತಿತ್ತೆಂದು ಹೇಳಬೇಕು. ಇದರಿಂದ ಆಟ ಕಷ್ಟವಾಯಿತು, ಚಿಕ್ಕಮ್ಮನಿಗೆ ಅನುಕೂಲವೂ ಆಯಿತು. ಆದರೆ ನಿಜ ಹೇಳಬೇಕೆಂದರೆ ನಾನು ಅದನ್ನು ಮಾಡಿದ್ದು ಅವಳಿಗಾಗಿ ಅಲ್ಲ. ನನಗೆ ಉತ್ತರ ಬೇಕಾಗಿತ್ತು. ಬಾನೆಟ್ಟಿನ ಪಕ್ಕದ ಸೀಳುಗಳನ್ನು ಪತ್ರಿಕೆಯ ಚಿತ್ರಗಳೊಂದಿಗೆ ಹೋಲಿಸಿ ನೋಡುತ್ತಿದ್ದೆ. ನೀರು ಸೇದುವಾಗಲೆಲ್ಲ ಬಾವಿಯೊಳಗೆ ಬಗ್ಗಿ ನೋಡುತ್ತಿದ್ದೆ. ಉತ್ತರ ಕಾಲಿನ ಕೆಳಗೇ ಇದೆ, ನಾವೆಲ್ಲ ಅದೇ ನೀರು ಕುಡಿಯುತ್ತಿದ್ದೇವೆ, ಆದರೂ ಗೊತ್ತಿಲ್ಲ ಎಂದರೆ ಎಂಥ ಅನ್ಯಾಯ ಎನಿಸುತ್ತಿತ್ತು.

ಎಲ್ಲರಿಗಿಂತ ಉತ್ಸಾಹದಿಂದ ಆಡುತ್ತಿದ್ದವರು ದೊಡ್ಡ ಮಾವ. ಆರಾಮಕುರ್ಚಿಯಲ್ಲಿ ಒರಗಿ, ವೀಳ್ಯ ಮೆಲ್ಲುತ್ತಾ, "ಕೊಡೆ ಮಾಡುವ ಕಂಪೆನಿ ಇರ್ಬೇಕು. ನೋಡಿ, ಮೇಲೆ ಬಟ್ಟೆ ಉಂಟಲ್ಲ" ಎನ್ನುತ್ತಿದ್ದರು. ಇನ್ನೊಂದು ವಾರ ಪೆಟ್ರೋಮ್ಯಾಕ್ಸ್ ಎನ್ನುತ್ತಿದ್ದರು. ಇಷ್ಟು ದಡ್ಡ ಊಹೆ ಮಾಡುವ ಮನುಷ್ಯ ಕೋರ್ಟಿನಲ್ಲಿ ಗದ್ದೆಯ ಮೊಕದ್ದಮೆ ಹೇಗೆ ಗೆಲ್ಲುತ್ತಾರೋ ಎಂದು ನನಗೆ ಸಿಟ್ಟು ಬರುತ್ತಿತ್ತು.

ಮಳೆಗಾಲ ಕಳೆದ ಮೇಲೆ ಸಣ್ಣ ಮಾವ ಕೊನೆಯ ಅಸ್ತ್ರ ಬಿಟ್ಟರು. ಮದರಾಸಿನ ಒಂದು ಮೋಟಾರು ಏಜೆನ್ಸಿಯ ಮನುಷ್ಯ ಊರಿಗೆ ಬಂದಿದ್ದಾನೆಂದು ತಿಳಿದು ಅವನನ್ನೂ, ಬಸ್ಸಿನ ಧಣಿಯನ್ನೂ ಒಟ್ಟಿಗೆ ಕರೆತಂದರು. ಆತ ಕೋಟು ಬಿಚ್ಚಿಟ್ಟು, ಬಾನೆಟ್ಟು ಎತ್ತಿ, ಕಾರಿನ ಅಡಿಗೂ ತೂರಿ ನೋಡಿದ. ಚಾವಡಿಯಲ್ಲಿ ಅವತ್ತು ಯಾರೂ ತಮಾಷೆ ಮಾಡಲಿಲ್ಲ. ಚಿಕ್ಕಮ್ಮ ಕಾಫಿಯ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಳು. ಕಾಫಿ ಆರುತ್ತಿದ್ದರೂ ಯಾರಿಗೂ ಕೊಡಲಿಲ್ಲ. ಕಾರು ಹೋದರೆ ಇವಳ ಆ ಒಂದು ದಿನವೂ ಹೋಗುತ್ತದೆ ಎಂಬುದು ನನಗೆ ಪೂರ್ತಿ ಅರ್ಥವಾದದ್ದು ಆಗಲೇ.

ಆತ ಕೈ ಒರೆಸಿಕೊಂಡು ಬಂದು ಕೂತ. ಇಂಗ್ಲಿಷಿನಲ್ಲಿ ಒಂದು ಹೆಸರು ಹೇಳಿದ. ಖಂಡಿತವಾಗಿ ಹೇಳಲಾರೆ, ಗುರುತಿನ ಬಿಲ್ಲೆ ಇದ್ದಿದ್ದರೆ ಹೇಳಬಹುದಿತ್ತು, ಆದರೂ ಅದೇ ಇರಬೇಕು ಎಂದ. ಆ ಕಂಪೆನಿ ಮೊದಲು ಏನು ಮಾಡುತ್ತಿತ್ತು ಎಂದು ನಿಯಮದ ಪ್ರಕಾರ ನಾನೇ ಕೇಳಿದೆ. ಕುರಿಗಳ ಉಣ್ಣೆ ಕತ್ತರಿಸುವ ಯಂತ್ರ, ಎಂದ.

ನಮ್ಮ ಕರಾವಳಿಯಲ್ಲಿ ಕುರಿ ಕಂಡವರೇ ಕಡಿಮೆ. ಅಷ್ಟರಲ್ಲಿ ದೊಡ್ಡ ಮಾವ ನಗಲು ಶುರುಮಾಡಿದರು. ಅಂಥ ನಗು ನಾನು ಅವರಲ್ಲಿ ಕಂಡಿರಲಿಲ್ಲ. ಕುರ್ಚಿ ಅಲುಗಾಡಿತು, ವೀಳ್ಯದ ರಸ ಅಂಗಿಯ ಮೇಲೆ ಬಿತ್ತು.

"ಕುರಿ ಬೋಳಿಸುವವರು ಕಾರು ಮಾಡುದಾ ಮಾರಾಯ್ರೆ! ಇನ್ನು ಕ್ಷೌರದವ ಬಂದು ವಿಮಾನ ಬಿಡ್ತಾನೆ!" ಚಾವಡಿಯೆಲ್ಲ ಅವರೊಂದಿಗೆ ನಕ್ಕಿತು. ಆಮೇಲೆ ಥಟ್ಟನೆ ನಗು ನಿಲ್ಲಿಸಿ ಧಣಿಯ ಕಡೆ ತಿರುಗಿದರು. "ನಮ್ಮ ಬಾವ ತೀರಿಹೋದವರು. ಅವರು ಕುರಿಯ ಕೂದಲು ತೆಗೆಯುವವರ ಗಾಡಿಯಲ್ಲಿ ಕೂತಿದ್ದರು ಅಂತ ನೀವು ಊರಿಗೆಲ್ಲ ಹೇಳಿಕೊಂಡು ಬರ್ತೀರಾ?"

ಧಣಿ ಎದ್ದು ನಿಂತು ಕೈಮುಗಿದ. "ಛೆ ಛೆ, ಹಾಗೆಲ್ಲ ಇಲ್ಲ. ಖಂಡಿತ ಗೊತ್ತಾಗದೆ ನಾನು ಗಾಡಿ ತೆಗೊಳ್ಳುದಿಲ್ಲ." ಮದರಾಸಿನವನು ಮುಖ ಕೆಂಪಗೆ ಮಾಡಿಕೊಂಡು, ತನಗೂ ಖಂಡಿತ ಇಲ್ಲವೆಂದು ಇನ್ನೊಮ್ಮೆ ಹೇಳಿದ. ಸಣ್ಣ ಮಾವ ಬಾಯಿ ತೆರೆದರು, ಅಣ್ಣನ ಮುಖ ನೋಡಿ ಮುಚ್ಚಿಕೊಂಡರು. ಚಿಕ್ಕಮ್ಮ ಕಾಫಿ ಕೊಟ್ಟಳು. ನಾನೂ ನಕ್ಕಿದ್ದೆ. ನನ್ನ ಲೆಕ್ಕದಲ್ಲಿ ಅದು ಹೊಲಿಗೆ ಯಂತ್ರದ ಕಂಪೆನಿಯೇ ಆಗಬೇಕಿತ್ತು.

ಮರುವರ್ಷದ ಬೇಸಗೆಯಲ್ಲಿ ನೀರು ತಳ ಕಂಡಿತು, ಬಾವಿಯ ಕೆಸರು ತೆಗೆಸಿದರು. ಕೆಳಗಿಳಿದವನು ಬುಟ್ಟಿ ತುಂಬಿ ಕಳಿಸುತ್ತಿದ್ದ, ಕಟ್ಟೆಯ ಮೇಲಿನವರು ಎಳೆದು ಸುರಿಯುತ್ತಿದ್ದರು. ತೂತು ಕೊಡಪಾನ, ಬಳೆ ಚೂರು, ನನ್ನ ಅಮ್ಮನ ಬಾಲ್ಯದ ಒಂದು ಕಾಲ್ಗೆಜ್ಜೆ, ಹೀಗೆ ಒಂದೊಂದೇ ಬಂದವು. ಮೇಲ್ವಿಚಾರಣೆಗೆ ದೊಡ್ಡ ಮಾವ ಕಟ್ಟೆಯ ಪಕ್ಕದಲ್ಲೇ ನಿಂತಿದ್ದರು. ಚಿಕ್ಕಮ್ಮ ಬೆಳಗ್ಗಿನಿಂದ ಏನೂ ತಿಂದಿರಲಿಲ್ಲ. ಒಂದು ಬುಟ್ಟಿಯ ಕೆಸರಿನಲ್ಲಿ ಹಿತ್ತಾಳೆ ಹೊಳೆಯಿತು. ಆಳು ಅದನ್ನು ಹೆಕ್ಕಿ, ತೊಳೆದು, ಯಜಮಾನರ ಕೈಯಲ್ಲಿಟ್ಟ.

ನಾನು ಅವರ ಮೊಣಕೈಯ ಹತ್ತಿರವೇ ಇದ್ದೆ. ನೀರಿನಲ್ಲಿ ಇದ್ದೂ ಇದ್ದೂ ಪೈಂಟು ಎದ್ದುಹೋಗಿತ್ತು. ಮಾವ ಹೆಬ್ಬೆರಳಿನಿಂದ ಉಳಿದದ್ದನ್ನೂ ಉಜ್ಜಿದರು. ಅಕ್ಷರಗಳು ಕಂಡವು. ಮದರಾಸಿನವನು ಹೇಳಿದ್ದ ಅದೇ ಹೆಸರು. ಕೋರ್ಟಿನ ಕಾಗದ ಓದುವಷ್ಟು ಇಂಗ್ಲಿಷ್ ಮಾವನಿಗೆ ಬರುತ್ತಿತ್ತು, ಆದರೆ ಅವರು ಅದನ್ನು ಓದುವ ಗೋಜಿಗೇ ಹೋಗಲಿಲ್ಲ. ಹಳೆಯ ಪರಿಚಯದವರನ್ನು ನೋಡಿದ ಹಾಗೆ ಒಮ್ಮೆ ನೋಡಿದರು, ಅಷ್ಟೆ.

"ಎಂತ ಸಿಕ್ಕಿತು ಅಣ್ಣ?" ಚಾವಡಿಯಿಂದ ಸಣ್ಣ ಮಾವ ಕೂಗಿದರು.

"ಎಂತದ್ದೂ ಇಲ್ಲ, ಕೊಡಪಾನದ ಅಡಿ," ಎಂದು ದೊಡ್ಡ ಮಾವ ಅದನ್ನು ಪುನಃ ಬಾವಿಗೆ ಹಾಕಿದರು. ಕೆಳಗಿದ್ದವನು ಬೈದುಕೊಂಡ. ಅವನಿಗೆ ಕೇಳುವಂತೆ ಮಾವ ಬಗ್ಗಿ ಹೇಳಿದರು, "ಅಲ್ಲೇ ಇರ್ಲಿ. ಲೋಹ ಇದ್ದರೆ ನೀರು ಒಳ್ಳೆದು."

ಘಾಟಿ ಇಳಿದ ದಿನ ಒಂದೊಂದು ತಿರುವಿನಲ್ಲೂ ಕಾರಿನ ಮೂತಿ ಹಿಡಿದುಕೊಂಡು ವಾಂತಿ ಮಾಡಿದ ಮನುಷ್ಯ ಅವರು. ಆಗಿನ್ನೂ ಪೈಂಟು ಬಿದ್ದಿರಲಿಲ್ಲ, ಬಿಲ್ಲೆ ಅವರ ಕಣ್ಣಿನ ಮುಂದೆಯೇ ಇತ್ತು. ಅವರ ಪೆಟ್ಟಿಗೆಯಲ್ಲಿ ಅಜ್ಜನ ಕಾಲದ ಕಾಗದಗಳು ಕೂಡ ಗರಿಗರಿಯಾಗಿದ್ದವು, ಗೆದ್ದಲಿಗೆ ಕಾರಿನ ಕಾಗದ ಮಾತ್ರ ರುಚಿಸಿತ್ತು. ಇದೆಲ್ಲ ನನಗೆ ಗೊತ್ತಿದ್ದದ್ದೇ. ಕಂಪೆನಿಯನ್ನು ಹುಡುಕುವ ಭರದಲ್ಲಿ ಮನೆಯ ಮನುಷ್ಯನನ್ನು ನಾನು ನೋಡಿಯೇ ಇರಲಿಲ್ಲ. ಆ ಹೆಸರನ್ನು ನಾನು ಇಲ್ಲಿಯೂ ಬರೆಯುವುದಿಲ್ಲ. ಅವರು ಅಷ್ಟು ಕಷ್ಟಪಟ್ಟು ಮುಚ್ಚಿಟ್ಟದ್ದನ್ನು ನಾನ್ಯಾಕೆ ಬಿಚ್ಚಲಿ.

ಚಿಕ್ಕಮ್ಮ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಿಂತು ಎಲ್ಲವನ್ನೂ ನೋಡಿದ್ದಳು.

ಮುಂದಿನ ಭಾನುವಾರ ಹೊಸ ನೆಂಟರು ಬಂದರು. ಸಣ್ಣ ಮಾವ ಪ್ರಶ್ನೆ ಕೇಳಿದರು. ನೆಂಟರು ಬಾಯಿ ತೆರೆಯುವ ಮೊದಲೇ ದೊಡ್ಡ ಮಾವ ಆರಾಮಕುರ್ಚಿಯಿಂದ ಕೈ ಎತ್ತಿದರು. "ಈ ಸಲ ನನಗೆ ಖಂಡಿತ ಗೊತ್ತುಂಟು. ಉಪ್ಪಿನಕಾಯಿ ಭರಣಿ ಮಾಡುವ ಕಂಪೆನಿ."

ಎಲ್ಲರೂ ನಕ್ಕರು. ಚಿಕ್ಕಮ್ಮ ನಗಲಿಲ್ಲ. ಒಳಗೆ ಹೋಗಿ, ನೆಂಟರಿಗಿಂತ ಮೊದಲು, ಅಣ್ಣನಿಗೆ ಕಾಫಿ ತಂದುಕೊಟ್ಟಳು.