ಮೌನೇಶಪ್ಪ ಕಾಕಾ ಮತ್ತು ಅಪ್ಪನ ಅಂಬಾಸಿಡರ್

ಮೌನೇಶಪ್ಪ ಕಾಕಾ ಕಾರಿನ ತಗಡಿಗೆ ಕಿವಿ ಹಚ್ಚಿ ಕೂತರೆಂದರೆ ಮನುಷ್ಯರ ಮಾತು ಅವರಿಗೆ ಕೇಳಿಸುತ್ತಿರಲಿಲ್ಲ. ಚಹಾ ತಂದಿಟ್ಟರೂ ಅಷ್ಟೇ, ಮಳೆ ಬಂದರೂ ಅಷ್ಟೇ. ಬೆರಳಗಂಟಿನಿಂದ ಬಡಿಯುವುದು, ಕಣ್ಣು ಮುಚ್ಚುವುದು, ಆಮೇಲೆ ನನ್ನ ಕಡೆ ತಿರುಗಿ ದವಾಖಾನೆಯ ಡಾಕ್ಟರರಂತೆ ತಲೆ ಅಲ್ಲಾಡಿಸುವುದು. ಎಂಟು ತಿಂಗಳು ಇದನ್ನು ನೋಡಿ ನೋಡಿ ನನಗೆ ಸಾಕಾಗಿ ಹೋಗಿತ್ತು.

ಅಪ್ಪ ತೀರಿಕೊಂಡ ಮೇಲೆ ಅವರ ಅಂಬಾಸಿಡರ್ ಇಳಕಲ್ಲಿನ ನಮ್ಮ ಹಿತ್ತಲಿನ ಬೇವಿನ ಗಿಡದ ಕೆಳಗೆ ನಿಂತಲ್ಲೇ ನಿಂತು ತುಕ್ಕು ಹಿಡಿದಿತ್ತು. ಅದೇ ಕಾರಿನಲ್ಲಿ ಒಮ್ಮೆ ಚೊಳಚಗುಡ್ಡಕ್ಕೆ ಹೋಗಿ ಬನಶಂಕರಿಗೆ ಉಡಿ ತುಂಬಬೇಕೆಂದು ಅವ್ವನ ಆಸೆ. ಶ್ರಾವಣದ ಮೊದಲ ಶುಕ್ರವಾರ ಕರೆದೊಯ್ಯುತ್ತೇನೆಂದು ಮಾತು ಕೊಟ್ಟೆ. ಯುಗಾದಿ ಮುಗಿದ ವಾರವೇ ಕಂಬಾರ ಓಣಿಯಿಂದ ತಗಡು ಕೆಲಸದ ಕಾಕಾರನ್ನು ಕರೆತಂದವನೂ ನಾನೇ. ಹೀಗಾಗಿ ಯಾರನ್ನೂ ಬಯ್ಯುವಂತಿರಲಿಲ್ಲ.

ಮೊದಲ ದಿನ ಅವರು ಸ್ಕ್ರೂಡ್ರೈವರನ್ನು ಕಾರಿನ ತಳಕ್ಕೆ ಮೆಲ್ಲಗೆ ಒತ್ತಿದರು. ನೆನೆದ ರೊಟ್ಟಿಯೊಳಗೆ ಹೋದಂತೆ ಹೋಗಿ ಆ ಕಡೆ ಬಂತು.

“ಮಾಸ್ತರ್ರ, ಇದು ಕಾರ್ ಅಲ್ರಿ, ಜರಡಿ ಐತಿ.”

“ಎಷ್ಟ ದಿನಾ ಹಿಡೀತೈತಿ ಕಾಕಾ?”

“ಜಂಗ ಎಲ್ಲಿಗೆ ಮುಗೀತೈತೋ, ಕೆಲಸಾನೂ ಅಲ್ಲಿಗೇ ಮುಗೀತೈತ್ರಿ.”

ಆ ತುಕ್ಕು ಮುಗಿಯಲೊಲ್ಲದು. ಬೆರಳು ತೂರುವಷ್ಟು ತೂತು ಮುಚ್ಚಲು ಕೂತವರು ಊಟದ ತಾಟಿನಷ್ಟು ತಗಡು ಕತ್ತರಿಸಿ ಎಸೆಯುತ್ತಿದ್ದರು. ಬಾಗಿಲ ಕೆಳಗಿನ ಪಟ್ಟಿ ಬಿಚ್ಚಿದಾಗ, ಹಿಂದೆ ಯಾರೋ ರಿಪೇರಿಯವರು ತುರುಕಿದ್ದ ಹಳೆಯ ಪೇಪರಿನ ಉಂಡೆ ಸಿಕ್ಕಿತು. ಕಾಕಾ ಅದನ್ನು ತೊಡೆಯ ಮೇಲೆ ಹರವಿಕೊಂಡು ಮಧ್ಯಾಹ್ನದವರೆಗೆ ಓದಿದರು. “ಐಹೊಳ್ಯಾಗ ಭಾಳ ಮಳಿ ಆಗೈತಂತ್ರಿ” ಎಂದು ಇಪ್ಪತ್ತು ವರ್ಷದ ಹಿಂದಿನ ಸುದ್ದಿಯನ್ನು ನನಗೆ ಹೇಳಿದರು.

ಶ್ರಾವಣಕ್ಕೆ ಹದಿನೈದು ದಿನ ಉಳಿದಾಗ ಕಾಕಾ ಬಸುರಿ ಮೊಮ್ಮಗಳ ಕುಬಸಕ್ಕೆಂದು ಬಾಗಲಕೋಟೆಗೆ ಹೋದರು. ನಾನು ತಡೆಯಲಾರದೆ ಹುನಗುಂದದಿಂದ ಬೇರೊಬ್ಬನನ್ನು ಕರೆಸಿದೆ. ಅವನು ಎರಡೇ ದಿನದಲ್ಲಿ ಉಳಿದ ತೂತುಗಳಿಗೆಲ್ಲ ಪುಟ್ಟಿ ಮೆತ್ತಿ, ತಿಕ್ಕಿ, ಬಿಳಿ ಬಣ್ಣ ಹೊಡೆದು ಹೋದ. ಕಾರು ಮದುಮಗಳಂತೆ ಕಂಡಿತು. ಅವ್ವ ಸೆರಗಿನಿಂದ ಅದರ ಗಾಜು ಒರೆಸಿದಳು.

ಮರಳಿ ಬಂದ ಕಾಕಾ ಬಣ್ಣ ನೋಡಿದರು, ನನ್ನನ್ನು ನೋಡಿದರು, ಸುತ್ತಿಗೆ ಎತ್ತಿ ಬಾಗಿಲ ಕೆಳಗೆ ಹೊಡೆದೇ ಬಿಟ್ಟರು. ಪುಟ್ಟಿ ಹಳೆಗೋಡೆಯ ಗಿಲಾವಿನಂತೆ ಉದುರಿತು.

“ನಿಮಗ ತಲಿ ಕೆಟ್ಟೈತೇನ್ರಿ ಕಾಕಾ? ಇದು ನನ್ನ ಗಾಡಿ!” ಎಂದು ಚೀರಿದೆ.

“ಗಾಡಿ ನಿಮ್ದ ರೀ. ಒಳಗ ಕುಂಡ್ರಾಕಿ ನಿಮ್ಮವ್ವ. ಜಾಕ ಹಚ್ರಿ, ನೋಡೂಣು.”

ಹಟಕ್ಕೆ ಬಿದ್ದು ನಾನೇ ಜಾಕು ಹಚ್ಚಿದೆ. ನಾಲ್ಕು ಸುತ್ತು ತಿರುಗಿಸುವಷ್ಟರಲ್ಲಿ ಕಾರಿನ ತಳ ಕರ್ರೆಂದು ಹರಿದು, ಜಾಕು ಒಳಗೇ ನುಗ್ಗಿತು. ಅವ್ವ ಕೂರಬೇಕಿದ್ದ ಸೀಟು ಸರಿಯಾಗಿ ಅದರ ಮೇಲೇ ಇತ್ತು. “ನಾ ಹೇಳಿದ್ದಿಲ್ಲೇನು” ಎಂದು ಕಾಕಾ ಅನ್ನಬಹುದಿತ್ತು. ಅಂದಿದ್ದರೆ ಜಗಳವಾದರೂ ಆಡಬಹುದಿತ್ತು. ಅವರು “ಚಹಾ ಆಗೈತೇನ್ರಿ?” ಎಂದು ಕೇಳಿ ಒಳಗೆ ನಡೆದರು.

ಶ್ರಾವಣ ಹೋಯಿತು, ದಸರೆ ಹೋಯಿತು. ಅವ್ವನ ಮುಖ ನೋಡಲು ನನಗೆ ನಾಚಿಕೆ. ದೀಪಾವಳಿ ಕಳೆದ ಮೇಲೆ ಕಾಕಾ ಕೆಲಸ ಮುಗಿಸಿದರು. ಒಂದು ಶುಕ್ರವಾರ ಕಡೆಗೂ ಅವ್ವ ಹೊಸ ಸೀರೆ ಉಟ್ಟು ಮುಂದಿನ ಸೀಟಿನಲ್ಲಿ ಕೂತಳು. ಕಾಕಾರನ್ನೂ ಕರೆದೆ. “ಮಾಡಿದಾಂವ ಒಳಗ ಕುಂತ್ರ ಬರೇ ಗಾಡಿ ಸಪ್ಪಳಾನ ಕೇಳ್ತಾನ್ರಿ, ದೇವರು ನೆನಪ ಆಗೂದಿಲ್ಲ” ಎಂದು ಬರಲಿಲ್ಲ. ಚೊಳಚಗುಡ್ಡದಲ್ಲಿ ಗುಡಿ ಮುಂದಿನ ಹೊಂಡದ ದಂಡೆಗೆ ಇಳಿಯುವಾಗ ಅವ್ವ, “ನಿಮ್ಮಪ್ಪ ಗಾಡಿ ಹೊಡದಂಗ ಹೊಡದಿ ನೋಡು” ಎಂದಳು.

ಕಳೆದ ವರ್ಷ ಕಾಕಾ ಇಳಕಲ್ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರು. ಕಣ್ಣಿನ ಆಪರೇಷನ್ ಆಗಿತ್ತು, ಬಾಗಲಕೋಟೆಗೆ ಮಗಳ ಮನೆಗೆ ಹೊರಟಿದ್ದರು. ಆರಾಮ ಇದ್ದೀರೇನ್ರಿ ಎಂದು ಕೇಳಿದರೆ, “ಬಲಗಡೆ ಹಿಂದಿನ ಬಾಗಲಾ ಒಮ್ಮಿ ಬಿಚ್ಚಿ ನೋಡ್ರಿ ಮಾಸ್ತರ್ರ. ಅದರ ತಳದಾಗ ನನಗ ಸಮಾಧಾನ ಇಲ್ಲ” ಎಂದರು.

“ಸಾಕ ಮಾಡ್ರಿ ಕಾಕಾ!” ಎಂದು ರೇಗಿದೆ. ಅವರು ನಕ್ಕು ಬಸ್ಸು ಹತ್ತಿದರು. ಮೂರು ತಿಂಗಳಿಗೆ ಅವರು ತೀರಿಹೋದ ಸುದ್ದಿ ಬಂತು.

ಹೋದ ರವಿವಾರ ಆ ಬಾಗಿಲಿನ ಒಳಹಲಗೆ ಬಿಚ್ಚಿದೆ. ತಳದ ಮೂಲೆಯಲ್ಲಿ ಕುಂಕುಮದ ಬೊಟ್ಟಿನಷ್ಟು ತುಕ್ಕು. “ಸತ್ತ ಮ್ಯಾಲೂ ಬಿಡವಲ್ಲ ಈ ಮುದುಕ” ಎಂದು ಬಯ್ಯುತ್ತ ಎಮರಿ ಕಾಗದ ಹಿಡಿದು ಕೂತೆ. ಅರ್ಧ ತಾಸು ತಿಕ್ಕಿದ ಮೇಲೆ ತಗಡು ಬೆಳ್ಳಗೆ ಹೊಳೆಯಿತು. ಅದನ್ನು ತೋರಿಸಿ, “ಈಗರ ಸಮಾಧಾನ ಆತೇನ್ರಿ?” ಎಂದು ಕೇಳಲು ಹಿತ್ತಲಿನಲ್ಲಿ ಯಾರೂ ಇರಲಿಲ್ಲ.